ಮನೆವಾರ್ತೆ: ಗೋಡೆಗೆ ದೊಡ್ಡ ತೂತು ಕೊರೆಸುವ ಮುನ್ನ



ಹೋದ ಸಂಚಿಕೆಯಲ್ಲಿ ಉಪ್ಪಿನಕಾಯಿ ಜಾಡಿಯ ಮಾತಾಡಿದವಳು ಈ ಸಲ ಗೋಡೆಯ ತೂತಿಗೆ ಬಂದಳಲ್ಲ ಎಂದು ಹುಬ್ಬೇರಿಸಬೇಡಿ. ಅಡುಗೆಮನೆ ನಮ್ಮದು ಅಂದ ಮೇಲೆ ಅದರ ಗೋಡೆಯೂ ನಮ್ಮದೇ ತಾನೆ? ಗೋಡೆಯ ಕೆಲಸ ಗಂಡಸರದು ಅಂತ ನಾವು ಸುಮ್ಮನಿರುತ್ತೇವೆ. ಆದರೆ ಕೆಲಸದವನು ಬಂದಾಗ ಮನೆಯಲ್ಲಿರುವವರು ಯಾರು? ಯಜಮಾನರು ಆಫೀಸಿಗೋ ಅಂಗಡಿಗೋ ಹೋಗಿರುತ್ತಾರೆ. “ಅಮ್ಮಾ, ಎಲ್ಲಿ ಹೊಡೀಲಿ?” ಎಂದು ಅವನು ಕೇಳುವುದು ನಮ್ಮನ್ನೇ. ಆಗ ಉತ್ತರ ಗೊತ್ತಿರಬೇಕು.

ಹಿಂದೆ ಮನೆ ಕಟ್ಟುವಾಗಲೇ ಅಡುಗೆಮನೆಗೆ ಹೊಗೆಗಂಡಿ ಬಿಡುತ್ತಿದ್ದರು. ಒಲೆಯ ಮೇಲೆ ಬೆಳಕಿಂಡಿ, ಮಾಡಿನಲ್ಲಿ ಹೊಗೆ ಹೋಗಲು ದಾರಿ. ಗ್ಯಾಸ್ ಒಲೆ ಬಂದ ಮೇಲೆ ಅದೆಲ್ಲ ಬೇಡವಾಯಿತು. ಈಗ ಮತ್ತೆ ಚಿಮ್ನಿ ಬಂದಿದೆ. ಒಗ್ಗರಣೆಯ ಘಾಟು, ಕರಿದ ಎಣ್ಣೆಯ ಹಬೆ ಹೊರಗೆ ಹೋಗಬೇಕೆಂದರೆ ಕಟ್ಟಿ ಮುಗಿಸಿದ ಗೋಡೆಗೆ ತೂತು ಬೇಕು. ವಾಷಿಂಗ್ ಮೆಷಿನ್ನಿನ ನೀರು ಹೋಗಲು ಒಂದು, ಏ.ಸಿ. ಹಾಕಿಸಿದರೆ ಅದರ ಪೈಪಿಗೊಂದು, ಹೊಸ ಸಿಂಕಿಗೆ ಇನ್ನೊಂದು. ಮೊಳೆ ಹೊಡೆಯುವ ತೂತಲ್ಲ ಇವು. ಎರಡು ಇಂಚಿನಿಂದ ಆರು ಇಂಚಿನವರೆಗೆ ಅಗಲದವು.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ನಮ್ಮ ಮನೆಯಲ್ಲಿ ನಡೆದದ್ದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ಮಾರನೆಯ ದಿನ ನಮ್ಮಲ್ಲಿ ಸತ್ಯನಾರಾಯಣ ಪೂಜೆ. ನೆಂಟರಿಷ್ಟರು ಬರುವವರಿದ್ದರು. ಅಷ್ಟರಲ್ಲಿ ಚಿಮ್ನಿ ಗೋಡೆಗೇರಬೇಕೆಂಬುದು ನನ್ನ ಹಟ. ಬೆಳಿಗ್ಗೆ ಹತ್ತಕ್ಕೆ ಬಂದ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಚೀಲ ಬಿಚ್ಚಿ ನೋಡಿ, “ಅಮ್ಮಾ, ದೊಡ್ಡ ಮೆಷಿನ್ನಿನ ಅಡಾಪ್ಟರ್ ಮರೆತು ಬಂದೆ. ಹೋಗಿ ತರ್ತೀನಿ, ಒಂದು ಗಂಟೆ ಆಗತ್ತೆ” ಅಂದ. ನಾನು ಗಡಿಯಾರ ನೋಡಿದೆ. ರವೆ ಹುರಿಯುವುದಿತ್ತು, ಮನೆ ಸಾರಿಸುವುದಿತ್ತು. “ಇರೋದರಲ್ಲೇ ಹೇಗಾದರೂ ಮಾಡೋಕೆ ಆಗಲ್ವೇನಪ್ಪ?” ಅಂದುಬಿಟ್ಟೆ. ಅವನು ಒಂದು ಕ್ಷಣ ತಲೆ ಕೆರೆದುಕೊಂಡ. ದೊಡ್ಡವರ ಮಾತು ಹೇಗೆ ತಳ್ಳಿಹಾಕುತ್ತಾನೆ? ಬೇರೊಂದು ಅಡಾಪ್ಟರನ್ನು ಚಿಕ್ಕ ಮೆಷಿನ್ನಿಗೆ ಸಿಕ್ಕಿಸಿ, ಏಣಿ ಹತ್ತಿ, ಕೊರೆಯಲು ಶುರುಮಾಡಿದ.

ಎರಡು ನಿಮಿಷವೂ ಆಗಿರಲಿಲ್ಲ. ಬಿಟ್ಟು ಗೋಡೆಯೊಳಗೆ ಕಚ್ಚಿಕೊಂಡಿತು. ಬಿಟ್ಟು ನಿಂತಿತು, ಮೆಷಿನ್ನು ನಿಲ್ಲಲಿಲ್ಲ. ತಾನೇ ಗಿರ್‍ರನೆ ತಿರುಗಿ ಅವನ ಕೈಯನ್ನೂ ತಿರುಚಿಬಿಟ್ಟಿತು. ಏಣಿಯಿಂದ ಬಿದ್ದ. ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ಆಸ್ಪತ್ರೆಯ ಖರ್ಚು, ಆ ದಿನಗಳ ಕೂಲಿ ಎಲ್ಲವನ್ನೂ ನಮ್ಮವರು ಕೊಟ್ಟರು, ಸರಿ. ಆದರೆ ಸಂಜೆ ಅವನ ತಾಯಿ ಬಂದರು. ಜಗಳವಾಡಲಿಲ್ಲ, ಅಳಲೂ ಇಲ್ಲ. ಬಾಗಿಲಲ್ಲೇ ನಿಂತು, “ಬಲಗೈ ಅಮ್ಮಾ” ಅಂದರು. ಅಷ್ಟೇ. ಮಾರನೆಯ ದಿನದ ಪೂಜೆಯಲ್ಲಿ ಕಥೆ ಕೇಳುತ್ತ ಕೂತಿದ್ದೆನೇ ಹೊರತು ಒಂದು ಮಾತೂ ಕಿವಿಗೆ ಬೀಳಲಿಲ್ಲ.

ತಪ್ಪು ಆ ಹುಡುಗನದೇ ಎಂದು ಹೇಳಿದವರು ಬೇಕಾದಷ್ಟು ಜನ. ಅವನನ್ನು ಅವಸರಪಡಿಸಿದವಳು ನಾನು. ಆಮೇಲೆ ನಮ್ಮೂರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕೂರಿಸಿಕೊಂಡು, ಕಾಫಿ ಕೊಟ್ಟು, ಎಲ್ಲವನ್ನೂ ಕೇಳಿ ತಿಳಿದೆ. ತಿಳಿದದ್ದನ್ನು ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಕೋರ್ ಬಿಟ್ ಅಂದರೇನು?

ಹಬ್ಬಕ್ಕೆ ನಿಪ್ಪಟ್ಟು ಮಾಡುವಾಗ ಹಿಟ್ಟನ್ನು ಅಗಲವಾಗಿ ಲಟ್ಟಿಸಿ, ಡಬ್ಬಿಯ ಮುಚ್ಚಳದಿಂದ ಗುಂಡಗೆ ಒತ್ತಿ ತೆಗೆಯುವುದುಂಟಲ್ಲ? ಮುಚ್ಚಳದ ಅಂಚು ಮಾತ್ರ ಕತ್ತರಿಸುತ್ತದೆ, ನಡುವಿನ ಬಿಲ್ಲೆ ಇಡಿಯಾಗಿ ಉಳಿಯುತ್ತದೆ. ಕೋರ್ ಬಿಟ್ಟಿನ ಕೆಲಸವೂ ಅದೇ. ಅದೊಂದು ಉಕ್ಕಿನ ಕೊಳವೆ. ಬಾಯಿಯ ಅಂಚಿಗೆ ಗಟ್ಟಿ ಹಲ್ಲುಗಳಿರುತ್ತವೆ. ತಿರುಗುತ್ತ ಗೋಡೆಯಲ್ಲಿ ಬಳೆಯಂಥ ಗೀರು ಕೊರೆಯುತ್ತ ಒಳಗೆ ಹೋಗುತ್ತದೆ. ನಡುವಿನ ಇಟ್ಟಿಗೆಯ ತುಂಡು ಬಾಳೆದಿಂಡಿನ ಹಾಗೆ ಉದ್ದಕ್ಕೆ ಹೊರಗೆ ಬರುತ್ತದೆ. ಇಡೀ ತೂತನ್ನು ಪುಡಿಮಾಡುವ ಬದಲು ಅಂಚನ್ನಷ್ಟೇ ಕೊರೆಯುವುದರಿಂದ ಕೆಲಸವೂ ಹಗುರ, ಗೋಡೆಗೂ ಪೆಟ್ಟು ಕಡಿಮೆ.

ಇದು ಹೊಸ ಉಪಾಯವೇನಲ್ಲ. ಸಾವಿರಾರು ವರ್ಷಗಳ ಹಿಂದೆ ಈಜಿಪ್ಟಿನ ಶಿಲ್ಪಿಗಳು ತಾಮ್ರದ ಕೊಳವೆಯನ್ನು ಮರಳಿನೊಡನೆ ತಿರುಗಿಸಿ ಗಟ್ಟಿ ಕಲ್ಲನ್ನು ಹೀಗೆಯೇ ಕೊರೆದಿದ್ದಾರೆ. 1860ರ ದಶಕದಲ್ಲಿ ಜಿನೀವಾದ ಗಡಿಯಾರ ಕುಶಲಿ ಜಾರ್ಜ್ ಆಗಸ್ಟ್ ಲೆಶೋ ಎಂಬಾತ ಕೊಳವೆಯ ಬಾಯಿಗೆ ವಜ್ರ ಕೂಡಿಸಿ ಬಂಡೆ ಕೊರೆಯುವ ದಾರಿ ತೋರಿಸಿದ. ಇಂದಿನ ಬಿಟ್ಟುಗಳಲ್ಲೂ ವಜ್ರವಿದೆ. ಮೂಗುಬೊಟ್ಟಿನ ವಜ್ರವಲ್ಲ, ಕಾರ್ಖಾನೆಯಲ್ಲಿ ತಯಾರಾದ ವಜ್ರದ ಪುಡಿಯನ್ನು ಲೋಹದ ಪುಡಿಯ ಜೊತೆ ಕಾಯಿಸಿ ಒತ್ತಿ ಮಾಡಿದ ಹಲ್ಲು.

ಬಿಟ್ಟಿನಲ್ಲಿ ಎರಡು ಜಾತಿ. ಒಂದು, ಈ ವಜ್ರದ್ದು. ಇದು ಬರೀ ತಿರುಗಿ ಕೊರೆಯಬೇಕು, ಗೋಡೆಗೆ ಗುದ್ದಬಾರದು. ಮೆಷಿನ್ನಿನ ಹ್ಯಾಮರ್ ಗುಂಡಿ ಹಾಕಿ ಗುದ್ದಿಸಿದರೆ ವಜ್ರದ ಹಲ್ಲು ಕಿತ್ತುಬರುತ್ತದೆ. ಇನ್ನೊಂದು, ಟಂಗ್‌ಸ್ಟನ್ ಕಾರ್ಬೈಡ್ ಹಲ್ಲಿನದು. ಇದು ಗುದ್ದುತ್ತ ತಿರುಗಲೆಂದೇ ಮಾಡಿದ್ದು. ಯಾವ ಬಿಟ್ಟಿಗೆ ಯಾವ ನಡೆ ಎಂಬುದನ್ನು ಅದಲುಬದಲು ಮಾಡಬಾರದು.

ನಡುವಿನ ಅಡಾಪ್ಟರ್

ಬಿಟ್ಟು ಒಂದು ಕಡೆ, ಮೆಷಿನ್ನು ಇನ್ನೊಂದು ಕಡೆ. ಎರಡನ್ನೂ ಕೂಡಿಸುವ ಗಿಡ್ಡ ಉಕ್ಕಿನ ತುಂಡೇ ಅಡಾಪ್ಟರ್. ಮಿಕ್ಸಿಯಲ್ಲಿ ಜಾರನ್ನೂ ಮೋಟಾರನ್ನೂ ಕೂಡಿಸುವ ಕಪ್ಲರ್ ಇಲ್ಲವೇ, ಹಾಗೆ. ಕಪ್ಲರ್ ಸವೆದರೆ ಮೋಟಾರ್ ಸದ್ದು ಮಾಡುತ್ತದೆ, ಚಟ್ನಿ ರುಬ್ಬುವುದಿಲ್ಲ. ಒಂದು ಕಡೆ ತವರು, ಒಂದು ಕಡೆ ಅತ್ತೆಮನೆ, ನಡುವೆ ನಿಂತವಳ ಕಷ್ಟ ನಮಗೆ ಗೊತ್ತಿಲ್ಲವೇ? ಎರಡೂ ಕಡೆ ಸರಿಯಾಗಿ ಹೊಂದಿಕೊಂಡರೆ ಮಾತ್ರ ಸಂಸಾರ ಸಾಗುತ್ತದೆ.

ಅಡಾಪ್ಟರಿನ ಒಂದು ತುದಿಯಲ್ಲಿ ಮರೆ ಇರುತ್ತದೆ, ತಿರುಪಿನ ಮರೆ. ಬಿಟ್ಟನ್ನು ಅದಕ್ಕೆ ತಿರುಗಿಸಿ ಬಿಗಿಯುತ್ತಾರೆ. ಬಿಟ್ಟಿನ ಮರೆಗೂ ಅಡಾಪ್ಟರಿನ ಮರೆಗೂ ಅಳತೆ ಒಂದೇ ಇರಬೇಕು. ಎರಡು ಸುತ್ತು ಹೋಗಿ ಬಿಗಿಯಾಯಿತೆಂದು ಒತ್ತಾಯದಿಂದ ತಿರುಗಿಸಿದರೆ ಎರಡೂ ಕೆಡುತ್ತವೆ. ಇನ್ನೊಂದು ತುದಿ ಮೆಷಿನ್ನಿಗೆ ಹೋಗುತ್ತದೆ. ಅದರಲ್ಲಿ ಬೇರೆಬೇರೆ ರೂಪಗಳಿವೆ. ಆರು ಮೂಲೆಯದು ಸಾಮಾನ್ಯ ಡ್ರಿಲ್ಲಿನ ಮೂರು ಹಲ್ಲಿನ ಚಕ್ಕಿಗೆ. ಗಾಡಿ ಕೊರೆದಂತಿರುವ ದುಂಡನೆಯದು ಹ್ಯಾಮರ್ ಮೆಷಿನ್ನಿಗೆ. ಅದನ್ನು ಎಸ್.ಡಿ.ಎಸ್. ಅನ್ನುತ್ತಾರೆ. ಇದರಲ್ಲೂ ಚಿಕ್ಕದು 10 ಮಿ.ಮೀ. ದಪ್ಪದ್ದು, ‘ಪ್ಲಸ್’, ದೊಡ್ಡದು 18 ಮಿ.ಮೀ. ದಪ್ಪದ್ದು, ‘ಮ್ಯಾಕ್ಸ್’. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ಅಡಾಪ್ಟರಿನ ನಡುವೆ ಒಂದು ಉದ್ದನೆಯ ಕಡ್ಡಿ ಕೂರಿಸಲು ಜಾಗವಿರುತ್ತದೆ. ಇದಕ್ಕೆ ಪೈಲಟ್ ಅನ್ನುತ್ತಾರೆ. ರಂಗೋಲಿಯಲ್ಲಿ ಗುಂಡನೆ ಸುತ್ತು ಹಾಕಲು ನಡುವೆ ಬೆರಳೂರಿ ದಾರ ತಿರುಗಿಸುತ್ತೇವಲ್ಲ, ಆ ಬೆರಳಿನ ಕೆಲಸ ಈ ಕಡ್ಡಿಯದು. ಮೊದಲು ನಡುವೆ ಚಿಕ್ಕ ತೂತು ಮಾಡಿ ಕಡ್ಡಿಯನ್ನು ಅದರಲ್ಲಿ ಊರಿದರೆ ಬಿಟ್ಟು ಆಚೀಚೆ ಜಾರದೆ ಗೋಡೆ ಹಿಡಿಯುತ್ತದೆ. ಅರ್ಧ ಇಂಚಿನಷ್ಟು ಗೀರು ಬಿದ್ದ ಮೇಲೆ ಕಡ್ಡಿಯನ್ನು ತೆಗೆದು ಮುಂದುವರಿಸುವುದು ವಾಡಿಕೆ. ಆಗ ಗೀರೇ ಬಿಟ್ಟಿಗೆ ದಾರಿ ತೋರಿಸುತ್ತದೆ.

ಆ ದಿನ ಏನು ತಪ್ಪಾಯಿತು?

ಮೇಸ್ತ್ರಿ ಇದನ್ನು ಬೀಸುವ ಕಲ್ಲಿನ ಉದಾಹರಣೆ ಕೊಟ್ಟು ತಿಳಿಸಿದರು. ಬೀಸುಕಲ್ಲಿನ ಗೂಟ ಅಂಚಿನಲ್ಲಿ ಏಕಿರುತ್ತದೆ? ನಡುವಿನಿಂದ ದೂರವಿದ್ದಷ್ಟೂ ಸ್ವಲ್ಪ ಬಲಕ್ಕೇ ಕಲ್ಲು ತಿರುಗುತ್ತದೆ ಎಂದು. ಅದೇ ಗುಣ ಇಲ್ಲಿ ನಮಗೆ ವೈರಿ. ಒಂದಿಂಚಿನ ಬಿಟ್ಟಿನ ಅಂಚು ನಡುವಿನಿಂದ ಅರ್ಧ ಇಂಚು ದೂರ. ಆರಿಂಚಿನದರ ಅಂಚು ಮೂರು ಇಂಚು ದೂರ. ಗೋಡೆ ಅಷ್ಟೇ ಬಲದಲ್ಲಿ ಕಚ್ಚಿ ಹಿಡಿದರೂ ಕೈಗೆ ಬರುವ ತಿರುಚು ಆರು ಪಾಲು. ಯಾವ ಮಣಿಕಟ್ಟು ತಡೆದೀತು?

ಇದಕ್ಕೆಂದೇ ಕೋರ್ ಕೊರೆಯುವ ಒಳ್ಳೆಯ ಮೆಷಿನ್ನುಗಳಲ್ಲಿ ಜಾರುವ ಕ್ಲಚ್ ಇರುತ್ತದೆ. ಬಿಟ್ಟು ಸಿಕ್ಕಿಕೊಂಡ ಕೂಡಲೇ ಕ್ಲಚ್ ಜಾರಿ, ಮೋಟಾರಿನ ತಿರುಚು ಕೈಗೆ ಬಾರದಂತೆ ಮಾಡುತ್ತದೆ. ಪಕ್ಕಕ್ಕೆ ಉದ್ದನೆಯ ಹಿಡಿ ಇರುತ್ತದೆ, ಎರಡು ಕೈಯಲ್ಲಿ ಹಿಡಿಯಲು. ವೇಗವೂ ಕಡಿಮೆ. ಒಂದಿಂಚಿನ ಬಿಟ್ಟಿನ ಅಂಚು ಒಂದು ಸುತ್ತಿಗೆ ಮೂರಿಂಚಿಗಿಂತ ಸ್ವಲ್ಪ ಹೆಚ್ಚು ದೂರ ಓಡುತ್ತದೆ, ಆರಿಂಚಿನದು ಹತ್ತೊಂಬತ್ತು ಇಂಚಿನ ಹತ್ತಿರ. ಆದ್ದರಿಂದ ಬಿಟ್ಟು ದೊಡ್ಡದಾದಷ್ಟೂ ಸುತ್ತು ನಿಧಾನವಾಗಬೇಕು. ನಮ್ಮ ಮನೆಗೆ ಬಂದ ಚಿಕ್ಕ ಮೆಷಿನ್ನಿನಲ್ಲಿ ಕ್ಲಚ್ಚೂ ಇರಲಿಲ್ಲ, ಪಕ್ಕದ ಹಿಡಿಯೂ ಇರಲಿಲ್ಲ, ವೇಗವೋ ಮಿತಿಮೀರಿದ್ದು. ಅದಕ್ಕೆ ಹೊಂದುವ ಅಡಾಪ್ಟರ್ ಸಿಕ್ಕಿತೆಂಬುದೇ ಅನರ್ಥಕ್ಕೆ ಕಾರಣವಾಯಿತು. ಅಡಾಪ್ಟರ್ ಕೂತ ಮಾತ್ರಕ್ಕೆ ಮೆಷಿನ್ನಿಗೆ ಆ ಬಿಟ್ಟನ್ನು ತಿರುಗಿಸುವ ಯೋಗ್ಯತೆ ಬರುವುದಿಲ್ಲ, ಇದನ್ನು ಚೆನ್ನಾಗಿ ನೆನಪಿಡಿ.

ಇನ್ನೊಂದು ಸಂಗತಿ. ಬಿಟ್ಟು ಸಿಕ್ಕಿಕೊಂಡರೆ ಕೆಲವರು ಮೆಷಿನ್ನನ್ನು ಹಿಂದಕ್ಕೆ ತಿರುಗಿಸಲು ಹೋಗುತ್ತಾರೆ. ಹಾಗೆ ಮಾಡಿದರೆ ಬಿಟ್ಟು ಬರುವುದಿಲ್ಲ, ಅಡಾಪ್ಟರಿನ ಮರೆ ಬಿಚ್ಚಿಕೊಂಡು ಬಿಟ್ಟು ಗೋಡೆಯಲ್ಲೇ ಉಳಿಯುತ್ತದೆ. ಮೊದಲು ಪ್ಲಗ್ ಕಿತ್ತು, ಕೈಯಿಂದ ಬಿಟ್ಟನ್ನು ಅಲುಗಿಸಿ, ಧೂಳು ತೆಗೆದು ಬಿಡಿಸಬೇಕು. ಹಾಗೆಯೇ ಕೆಲಸ ಮುಗಿದ ಮೇಲೆ ಬಿಟ್ಟು ಅಡಾಪ್ಟರಿಗೆ ಕಚ್ಚಿಕೊಂಡು ಬಿಚ್ಚಲು ಬಾರದಿರುವುದುಂಟು. ಜೋಡಿಸುವಾಗಲೇ ಮರೆಗೆ ಚೂರು ಗ್ರೀಸ್ ಸವರಿ, ನಡುವೆ ತಾಮ್ರದ ವಾಷರ್ ಹಾಕಿದರೆ ಆ ಪಜೀತಿ ಇಲ್ಲ.

ನಿಮ್ಮ ಗೋಡೆ ಯಾವುದು?

ಎಲ್ಲ ಹಿಟ್ಟಿಗೂ ಒಂದೇ ಹದ ಇಲ್ಲ, ಹಾಗೆಯೇ ಗೋಡೆಗೂ. ಇಟ್ಟಿಗೆ ಗೋಡೆ, ಸಿಮೆಂಟ್ ಬ್ಲಾಕಿನ ಗೋಡೆ, ಕರಾವಳಿಯ ಕಡೆಯ ಕೆಂಪುಕಲ್ಲಿನ ಗೋಡೆ, ಇವನ್ನು ಕೈಯಲ್ಲಿ ಹಿಡಿಯುವ ಮೆಷಿನ್ನಿನಿಂದ ಕೊರೆಯಬಹುದು. ಪೊಳ್ಳು ಬ್ಲಾಕಾದರೆ ಗುದ್ದಿಸಲೇಬಾರದು, ಒಳಗಿನ ತೆಳು ಗೋಡೆ ಒಡೆದು ಬೀಳುತ್ತದೆ. ಸೈಜುಗಲ್ಲಿನ ಗೋಡೆ, ಕಂಬಿ ಹಾಕಿದ ಕಾಂಕ್ರೀಟು ಬೇರೆಯೇ ಮಾತು. ಅದಕ್ಕೆ ಸ್ಟ್ಯಾಂಡಿಗೆ ಕೂರಿಸಿ, ನೀರು ಹಾಯಿಸುತ್ತ ನಿಧಾನವಾಗಿ ಕೊರೆಯುವ ದೊಡ್ಡ ಯಂತ್ರ ಬೇಕು. “ಕೋರ್ ಕಟಿಂಗ್” ಎಂದು ಬೋರ್ಡು ಹಾಕಿಕೊಂಡವರ ಹತ್ತಿರ ಅದು ಇರುತ್ತದೆ. ತೂತಿನ ಅಗಲ, ಗೋಡೆಯ ದಪ್ಪ ನೋಡಿ ಕೂಲಿ ಹೇಳುತ್ತಾರೆ, ಮೊದಲೇ ಮಾತಾಡಿಕೊಳ್ಳಿ.

ಅಜ್ಜನ ಕಾಲದ ಮಣ್ಣಿನ ಗೋಡೆಯೋ? ದಯವಿಟ್ಟು ಅದಕ್ಕೆ ಕೈ ಹಚ್ಚಬೇಡಿ. ಕಿಟಕಿಯ ಮೇಲಿನ ಒಂದು ಗಾಜು ತೆಗೆಸಿ, ಆ ಜಾಗಕ್ಕೆ ತಗಡು ಹಾಕಿಸಿ, ತಗಡಿನಲ್ಲಿ ಗುಂಡಗೆ ಕತ್ತರಿಸಿ ಪೈಪು ಬಿಡಿಸಿ. ನೋಡಲು ಅಷ್ಟು ಚೆಂದ ಇರಲಿಕ್ಕಿಲ್ಲ, ಗೋಡೆ ಉಳಿಯುತ್ತದೆ.

ತೂತು ಎಲ್ಲಿ ಬೇಡ?

ಪಿಲ್ಲರ್, ಬೀಮು, ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್, ಈ ಮೂರರಲ್ಲಿ ಎಂದೂ ಬೇಡ. ಮನೆಯ ಭಾರ ಹೊರುವವು ಅವೇ. ಕೊರೆಯುವಾಗ ಬಿಟ್ಟಿಗೆ ಕಬ್ಬಿಣದ ಕಂಬಿ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ. “ಒಂದೇ ಒಂದು ಕಂಬಿ ಅಮ್ಮಾ, ಕತ್ತರಿಸಿಬಿಡ್ತೀನಿ” ಎಂದರೆ ಒಪ್ಪಬೇಡಿ, ಎಂಜಿನಿಯರನ್ನು ಕೇಳಿ.

ವಿದ್ಯುತ್ ವಯರಿನ ಕೊಳವೆಗಳು ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಹೋಗುತ್ತವೆ. ಬೋರ್ಡಿನ ನೇರದಲ್ಲಿ ಗುರುತು ಹಾಕಿಸಬೇಡಿ. ಕೊಳಾಯಿಯ ಪೈಪಿಗೂ ಇದೇ ಮಾತು. ಮನೆ ಕಟ್ಟುವಾಗ ಗೋಡೆ ಗಾಡಿ ತೆಗೆದಿದ್ದ ಫೋಟೋ ಇದ್ದರೆ ಹುಡುಕಿ ತೆಗೆಯಿರಿ, ಈಗ ಅದು ಮದುವೆಯ ಫೋಟೋಗಿಂತ ಉಪಯೋಗಕ್ಕೆ ಬರುತ್ತದೆ!

ಗೋಡೆಯ ಆಚೆಗೆ ಏನಿದೆ ಎಂದೂ ನೋಡಿಕೊಂಡು ಬನ್ನಿ. ನಿಮ್ಮ ಒಗ್ಗರಣೆಯ ಘಾಟು ಪಕ್ಕದ ಮನೆಯ ಕಿಟಕಿಗೆ ನೇರವಾಗಿ ನುಗ್ಗಿದರೆ ನಾಳೆ ಬೇಳೆ ಕಡ ಕೇಳುವುದು ಹೇಗೆ? ಒಂದು ಮಾತು ಮೊದಲೇ ಹೇಳಿಬಿಡಿ.

ಅಳತೆಯ ಗುಟ್ಟು

ಪೈಪಿನ ಹೆಸರು ಬೇರೆ, ಮೈಯಳತೆ ಬೇರೆ. ನಾವು ನಾಲ್ಕಿಂಚು ಎನ್ನುವ ಪಿ.ವಿ.ಸಿ. ಪೈಪಿನ ಹೊರ ಅಳತೆ 110 ಮಿ.ಮೀ. ನಾಲ್ಕಿಂಚೆಂದರೆ ಸುಮಾರು 102 ಮಿ.ಮೀ. ನಾಲ್ಕಿಂಚಿನ ಬಿಟ್ಟಿನಲ್ಲಿ ಕೊರೆದ ತೂತಿಗೆ ನಾಲ್ಕಿಂಚಿನ ಪೈಪು ಹೋಗುವುದಿಲ್ಲ! ಆದ್ದರಿಂದ ಚಿಮ್ನಿಯ ಅಥವಾ ಸಿಂಕಿನ ಪೈಪನ್ನು ಮೊದಲು ಮನೆಗೆ ತರಿಸಿ, ಅದರ ಹೊರ ಅಂಚನ್ನು ಟೇಪಿನಿಂದ ಅಳೆದು, ಅದಕ್ಕಿಂತ ಐದಾರು ಮಿ.ಮೀ. ದೊಡ್ಡ ಬಿಟ್ಟು ತರಲು ಹೇಳಿ. ಬಹಳಷ್ಟು ಚಿಮ್ನಿಗಳ ಪೈಪು ಆರಿಂಚಿನದು. ಆದರೂ ನಿಮ್ಮದನ್ನು ಅಳೆದೇ ಹೇಳಿ.

ಕೆಲಸದ ದಿನ

ಅಡುಗೆಮನೆಯ ಕೆಲಸವಾದರೆ ಗ್ಯಾಸ್ ರೆಗ್ಯುಲೇಟರ್ ಮುಚ್ಚಿ, ಸಿಲಿಂಡರನ್ನು ದೂರಕ್ಕೆ ಸರಿಸಿ. ಅಕ್ಕಿ ಡಬ್ಬಿ, ಹಿಟ್ಟಿನ ಡಬ್ಬಿ, ದೇವರ ಪಟ ಎಲ್ಲಕ್ಕೂ ಹಳೆಯ ಸೀರೆ ಹೊದಿಸಿ. ಬಾಗಿಲಿಗೆ ಒದ್ದೆ ಬೆಡ್‌ಶೀಟ್ ಇಳಿಬಿಡಿ. ಇಟ್ಟಿಗೆ, ಸಿಮೆಂಟಿನ ಸಣ್ಣ ಧೂಳು ಬರೀ ಕೊಳೆಯಲ್ಲ. ಅದರಲ್ಲಿರುವ ಸಿಲಿಕಾ ಪುಪ್ಪುಸಕ್ಕೆ ಹೊಕ್ಕರೆ ಮತ್ತೆ ಹೊರಗೆ ಬರುವುದಿಲ್ಲ. ವರ್ಷಾನುಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ಬರುತ್ತದೆ. ದಿನವೂ ಇದೇ ಕೆಲಸ ಮಾಡುವವನಿಗೆ ಎಷ್ಟು ಅಪಾಯ ಯೋಚಿಸಿ. ಎನ್95 ಮಾಸ್ಕು ಮನೆಯಲ್ಲಿದ್ದರೆ ಅವನ ಕೈಗೆ ಒಂದು ಕೊಡಿ. ಕಣ್ಣಿಗೆ ಕನ್ನಡಕ ಇದೆಯೇ ಕೇಳಿ. ಕೈಗವಸು ಸಡಿಲವಾಗಿ ಜೋತಾಡುತ್ತಿದ್ದರೆ ತೆಗೆಯಲು ಹೇಳಿ, ತಿರುಗುವ ಬಿಟ್ಟಿಗೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಟೈಲ್ಸ್ ಇದ್ದರೆ ಗುರುತಿನ ಮೇಲೆ ಅಂಟುಪಟ್ಟಿ ಹಚ್ಚಿ, ಗುದ್ದಿಸದೆ, ನಿಧಾನದ ವೇಗದಲ್ಲಿ ಟೈಲ್ಸ್ ದಾಟಬೇಕು. ಬಿಟ್ಟನ್ನು ಮೈಭಾರ ಹಾಕಿ ಒತ್ತಬಾರದು. ಆಗಾಗ ಹೊರಗೆಳೆದು ಧೂಳು ಉದುರಿಸಬೇಕು, ಧೂಳು ತುಂಬಿಕೊಂಡರೇ ಬಿಟ್ಟು ಸಿಕ್ಕಿಕೊಳ್ಳುವುದು. ಒಂಬತ್ತಿಂಚಿನ ಗೋಡೆಗೆ ಬಿಟ್ಟಿನ ಉದ್ದ ಸಾಲದೆ ಹೋಗಬಹುದು. ಆಗ ಕೊರೆದಷ್ಟನ್ನು ಉಳಿಯಿಂದ ಮೀಟಿ ತೆಗೆದು, ಅಡಾಪ್ಟರಿಗೆ ಉದ್ದದ ತುಂಡು ಸೇರಿಸಿ ಮುಂದೆ ಕೊರೆಯುತ್ತಾರೆ.

ಒಳಗಿನಿಂದಲೇ ಪೂರ್ತಿ ಕೊರೆದರೆ ಆಚೆ ಬದಿಯ ಗಾರೆ ಹಪ್ಪಳದಂತೆ ಕಿತ್ತುಬರುತ್ತದೆ. ಮೊದಲು ನಡುವಿನ ಸಣ್ಣ ತೂತನ್ನು ಆರಪಾರ ಮಾಡಿ, ಅರ್ಧ ಒಳಗಿನಿಂದ, ಅರ್ಧ ಹೊರಗಿನಿಂದ ಕೊರೆಸಿದರೆ ಎರಡೂ ಬದಿ ಅಚ್ಚುಕಟ್ಟು. ತೂತು ಹೊರಗಿನ ಕಡೆಗೆ ಒಂಚೂರು ಇಳಿಜಾರಾಗಿರಲಿ. ಇಲ್ಲದಿದ್ದರೆ ಮುಂಗಾರಿನ ಮಳೆ ನೇರವಾಗಿ ನಿಮ್ಮ ಒಲೆಯ ಮೇಲೆ!

ಹೊರಗಡೆ ಮಕ್ಕಳನ್ನು ನಿಲ್ಲಗೊಡಬೇಡಿ. ಒಂಬತ್ತಿಂಚಿನ ಗೋಡೆಯಿಂದ ಬರುವ ಆರಿಂಚಿನ ಇಟ್ಟಿಗೆಯ ತುಂಡು ಏಳು ಕಿಲೋ ಹತ್ತಿರ ತೂಗುತ್ತದೆ. ತಲೆಯ ಮೇಲೆ ಬಿದ್ದರೆ ಗತಿಯೇನು?

ಕೊನೆಯಲ್ಲಿ ಪೈಪಿನ ಸುತ್ತಲಿನ ಸಂದನ್ನು ಸಿಮೆಂಟು ಗಾರೆಯಿಂದಲೋ ಸೀಲೆಂಟಿನಿಂದಲೋ ಮುಚ್ಚಿಸಿ. ಹೊರಬಾಯಿಗೆ ಜಾಲರಿಯಿರುವ ಮುಚ್ಚಳ ಹಾಕಿಸಿ. ಇಲ್ಲವಾದರೆ ನಿಮಗಿಂತ ಮೊದಲು ಇಲಿ, ಅಳಿಲು, ಗುಬ್ಬಚ್ಚಿ ಗೃಹಪ್ರವೇಶ ಮಾಡುತ್ತವೆ.

ಬಾಗಿಲಲ್ಲೇ ಕೇಳಬೇಕಾದ ಪ್ರಶ್ನೆಗಳು

ಕತ್ತರಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿಕೊಳ್ಳಿ.

1. ಬಿಟ್ಟು, ಅಡಾಪ್ಟರ್, ಮೆಷಿನ್ನು ಮೂರೂ ಒಂದಕ್ಕೊಂದು ಹೊಂದುತ್ತವೆಯೇ? ಕೂರಿಸಿ ತೋರಿಸಪ್ಪ.

2. ಈ ಅಗಲದ ಬಿಟ್ಟಿಗೆ ಈ ಮೆಷಿನ್ನು ಸಾಕೇ? ಕ್ಲಚ್ ಇದೆಯೇ? ಪಕ್ಕದ ಹಿಡಿ ತಂದಿದ್ದೀಯಾ?

3. ಇದು ವಜ್ರದ ಬಿಟ್ಟೋ, ಗುದ್ದುವ ಬಿಟ್ಟೋ? ಹ್ಯಾಮರ್ ಗುಂಡಿ ಸರಿಯಾಗಿದೆಯೇ?

4. ನಿಲ್ಲಲು ಗಟ್ಟಿಯಾದ ಅಟ್ಟಣೆ ಇದೆಯೇ? ಏಣಿಯ ಮೇಲೆ ನಿಂತು ಆರಿಂಚು ಕೊರೆಯುವುದು ಬೇಡ.

5. ಕೊರೆಯುವ ಗೋಡೆಯ ವಯರಿಂಗಿಗೆ ಕರೆಂಟು ನಿಂತಿದೆಯೇ? ಮೆಷಿನ್ನಿಗೆ ಬೇರೆ ಕಡೆಯಿಂದ, ಸೋರಿಕೆಯಾದರೆ ತಾನೇ ಆರುವ ಸ್ವಿಚ್ಚಿರುವ ಲೈನಿನಿಂದ ಕೊಡಬೇಕು.

ಐದಕ್ಕೂ ಸರಿಯಾದ ಉತ್ತರ ಬಂದರೆ ಒಳಗೆ ಕರೆಯಿರಿ. ಒಂದಕ್ಕೆ ಬಾರದಿದ್ದರೂ “ಪರವಾಗಿಲ್ಲಪ್ಪ, ಹೋಗಿ ತಗೊಂಡು ಬಾ, ಕಾಯ್ತೀನಿ” ಅನ್ನಿ. ಈ ಒಂದು ಮಾತನ್ನು ನಾನು ಅಂದು ಆಡಿದ್ದರೆ ಸಾಕಿತ್ತು.

ನಮ್ಮ ಗೋಡೆಯ ಕಥೆ ಏನಾಯಿತು ಎಂದು ಕೇಳುವಿರೇನೋ. ಅರ್ಧ ಇಂಚು ಆಳದ ಆ ಗುಂಡನೆಯ ಗೀರು ಎರಡು ತಿಂಗಳು ಹಾಗೇ ಇತ್ತು. ಬೇರೆಯವರನ್ನು ಕರೆಸೋಣ ಎಂದು ನಮ್ಮವರು ಎರಡು ಸಲ ಅಂದರು, ನಾನು ಒಪ್ಪಲಿಲ್ಲ. ಚಿಮ್ನಿ ಡಬ್ಬದಲ್ಲೇ ಇತ್ತು, ಕಿಟಕಿ ತೆಗೆದೇ ಅಡುಗೆ ಮಾಡಿದೆ. ಪ್ಲಾಸ್ಟರ್ ಬಿಚ್ಚಿ, ಕೈ ಸರಿಹೋದ ಮೇಲೆ ಆ ಹುಡುಗನೇ ಬಂದ. ಜೊತೆಗೆ ಹಿರಿಯ ಮೇಸ್ತ್ರಿ, ದೊಡ್ಡ ಮೆಷಿನ್ನು, ಅದರದೇ ಅಡಾಪ್ಟರ್, ಮರದ ಅಟ್ಟಣೆ. ಬಿಟ್ಟು ಹಳೆಯ ಗೀರಿನಲ್ಲೇ ಕೂತು ಸದ್ದಿಲ್ಲದವನ ಹಾಗೆ ಒಳಗೆ ಹೋಯಿತು. ಮುಕ್ಕಾಲು ಗಂಟೆಯ ಕೆಲಸ. ಕೊರೆದ ಇಟ್ಟಿಗೆಯ ತುಂಡನ್ನು ನನ್ನ ಕೈಗೆ ಕೊಟ್ಟು, “ತಗೊಳ್ಳಿ ಅಮ್ಮಾ, ನಿಮ್ಮ ಗೋಡೆ” ಎಂದು ನಕ್ಕ. ಅವನು ಅದನ್ನು ಎತ್ತಿಕೊಟ್ಟದ್ದು ಎಡಗೈಯಲ್ಲಿ. ಬಲಗೈಗೆ ಭಾರ ಎತ್ತಲು ಇನ್ನೂ ಧೈರ್ಯ ಬಂದಿರಲಿಲ್ಲ.

ಆ ತುಂಡು ಈಗ ನಮ್ಮ ಹಿತ್ತಲಿನ ತುಳಸಿಕಟ್ಟೆಯ ಪಕ್ಕದಲ್ಲಿದೆ. ಕೂತು ತರಕಾರಿ ಹೆಚ್ಚುವಾಗ ಕಣ್ಣಿಗೆ ಬೀಳುತ್ತದೆ. ಯಾರಾದರೂ ಕೆಲಸಕ್ಕೆ ಬಂದ ದಿನ ನನ್ನ ನಾಲಿಗೆಗೆ “ಬೇಗ ಬೇಗ” ಎಂಬ ಮಾತು ಬರುವ ಮೊದಲೇ ಅದು ನೆನಪಾಗುತ್ತದೆ.

ಮುಂದಿನ ಸಂಚಿಕೆಯಲ್ಲಿ ಚಿಮ್ನಿಯ ಜಾಲರಿಗೆ ಅಂಟಿದ ಎಣ್ಣೆಜಿಡ್ಡನ್ನು ಸೋಡಾಪುಡಿ, ಬಿಸಿನೀರಿನಲ್ಲಿ ತೊಳೆಯುವ ಬಗೆ ಹೇಳುತ್ತೇನೆ. ಅಲ್ಲಿಯವರೆಗೆ ಎಲ್ಲರೂ ಕ್ಷೇಮವಾಗಿರಿ; ನಿಮ್ಮ ಮನೆಗೆ ದುಡಿಯಲು ಬಂದವರೂ ಕ್ಷೇಮವಾಗಿ ಮನೆ ಸೇರಲಿ.